ಸರ್ವರ್ ಇಲ್ಲ ಅಂದರೆ ಯಾವ ಡಬ್ಬಿ ಇಲ್ಲ?

ನಮ್ಮ ಕಡೆ ಮಳೆ, ಗಾಳಿ, ಮೀನಿನ ಬರದ ಸಾಲಿಗೆ ಈಗ ಇನ್ನೊಂದು ಸೇರಿಕೊಂಡಿದೆ: 'ಸರ್ವರ್ ಇಲ್ಲ'. ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೂರದಿದ್ದರೆ ಸರ್ವರ್ ಇಲ್ಲ. ಪಹಣಿ ಬರದಿದ್ದರೆ ಸರ್ವರ್ ಇಲ್ಲ. ಪಾಸ್‌ಬುಕ್ ಪ್ರಿಂಟ್ ಆಗದಿದ್ದರೂ ಸರ್ವರ್ ಇಲ್ಲ. ಹೇಳುವವರು ಕೈಯನ್ನು ಆಕಾಶದ ಕಡೆ ತೋರಿಸಿ ಹೇಳುತ್ತಾರೆ, ಥೇಟ್ ದೇವರ ಲೆಕ್ಕ. ಕೇಳಿದವರು ಚೀಲ ಮಡಚಿಕೊಂಡು ತೆಂಗಿನಗುಂಡಿಗೆ ವಾಪಸ್ಸು. ಒಂದು ದಿನದ ದುಡಿಮೆ ಹೋಯಿತು, ರಿಕ್ಷಾ ಬಾಡಿಗೆ ಬೇರೆ.

ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಊರು ಬಿಟ್ಟು ಮಂಗಳೂರು, ಬೆಂಗಳೂರಿನ ಆಫೀಸುಗಳಲ್ಲಿ ಕೆಲವು ವರ್ಷ ಕೇಬಲ್ ಎಳೆದು, ಡಬ್ಬಿ ಕೂರಿಸಿ ಹೊಟ್ಟೆ ಹೊರೆದವನು ನಾನು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಅಂತ ಎಂಟು ತಂತಿಗಳ ಕ್ರಮವನ್ನು ಈಗಲೂ ನಿದ್ದೆಗಣ್ಣಲ್ಲಿ ಹೇಳಬಲ್ಲೆ. ಆ ಅನುಭವದಿಂದ ಹೇಳುತ್ತೇನೆ, ಬೈಸಿಕೊಳ್ಳುವುದು ಸರ್ವರ್, ಬಹಳ ಸಲ ತಪ್ಪು ಮಾತ್ರ ನಡುವೆ ಕೂತ ಯಾವುದೋ ಸಣ್ಣ ಡಬ್ಬಿಯದ್ದು. ಆ ಡಬ್ಬಿಗಳಿಗೂ ಒಂದೊಂದು ಚರಿತ್ರೆಯಿದೆ. ಯಾವುದು ಏಕೆ ಹುಟ್ಟಿತು ಅಂತ ಗೊತ್ತಾದರೆ, ಅದು ಕೈಕೊಟ್ಟಾಗ ಏನು ನಿಲ್ಲುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ನಮ್ಮ ಬಂದರಿನಿಂದಲೇ ಶುರು ಮಾಡುವ. ಅಳಿವೆ ದಾಟಿ, ನೇತ್ರಾಣಿ ಗುಡ್ಡದ ಆಚೆ ಹೋದ ಬೋಟಿನಲ್ಲಿ ವೈರ್‌ಲೆಸ್ ಸೆಟ್ ಇರುತ್ತದೆ. ಬಟನ್ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಒಂದೇ ಚಾನೆಲ್ಲಿನಲ್ಲಿ ಹತ್ತಾರು ಬೋಟು. ಇಬ್ಬರು ತಾಂಡೇಲರು ಒಟ್ಟಿಗೇ ಬಟನ್ ಒತ್ತಿದರೋ, ಇಬ್ಬರ ಮಾತೂ ಯಾರಿಗೂ ಸಿಗುವುದಿಲ್ಲ, ಬರೀ ಗರಗರ. ಆಗ ಎಂತ ಮಾಡುತ್ತಾರೆ? ಇಬ್ಬರೂ ಸುಮ್ಮನಾಗುತ್ತಾರೆ, ಒಬ್ಬ ಸ್ವಲ್ಪ ಮೊದಲು ಮತ್ತೆ ಶುರು ಮಾಡುತ್ತಾನೆ. ಯಾರೂ ಕಲಿಸಿಕೊಟ್ಟ ನಿಯಮ ಅಲ್ಲ ಇದು.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಜೊತೆಗಾರರು ಮಾಡಿದ್ದು ಇದನ್ನೇ. ದ್ವೀಪ ದ್ವೀಪಗಳ ನಡುವೆ ಸಮುದ್ರ, ಕಂಪ್ಯೂಟರುಗಳನ್ನು ಜೋಡಿಸಲು ಫೋನಿನ ತಂತಿ ನೆಚ್ಚುವ ಹಾಗಿಲ್ಲ. ರೇಡಿಯೋದಲ್ಲಿ ಕಳಿಸು, ಮುಟ್ಟಿತು ಅಂತ ಉತ್ತರ ಬರಲಿಲ್ಲವೋ, ಡಿಕ್ಕಿಯಾಗಿದೆ ಅಂತ ತಿಳಿದುಕೋ, ಸ್ವಲ್ಪ ಹೊತ್ತು, ಎಷ್ಟು ಹೊತ್ತು ಅಂತ ಲೆಕ್ಕವಿಲ್ಲದ ಹಾಗೆ, ಕಾದು ಮತ್ತೆ ಕಳಿಸು. ಅದಕ್ಕೆ ಅವರಿಟ್ಟ ಹೆಸರು ಅಲೋಹಾನೆಟ್. ಅಬ್ರಾಮ್ಸನ್ ಅಲೆಯ ಮೇಲೆ ಹಲಗೆ ಸವಾರಿ ಮಾಡುವ ಹುಚ್ಚಿನ ಮನುಷ್ಯ. ಅವರು ಹವಾಯಿಗೆ ಹೋದದ್ದರ ಹಿಂದೆ ಆ ಹುಚ್ಚೂ ಇತ್ತಂತೆ. ಸಮುದ್ರದ ಸಹವಾಸ ಇದ್ದವರಿಗೇ ಈ ಯೋಚನೆ ಹೊಳೆದದ್ದು ನನಗಂತೂ ಆಶ್ಚರ್ಯ ಅನಿಸುವುದಿಲ್ಲ.

ಈ ಉಪಾಯವನ್ನು ಗಾಳಿಯಿಂದ ಇಳಿಸಿ ದಪ್ಪ ಕೇಬಲ್ಲಿನ ಒಳಗೆ ಹಾಕಿದವರು ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದ ರಾಬರ್ಟ್ ಮೆಟ್‌ಕಾಫ್. 1973ರ ಮೇ 22ರಂದು ಅವರು ಬರೆದ ಟಿಪ್ಪಣಿಯಲ್ಲಿ 'ಈಥರ್‌ನೆಟ್' ಎಂಬ ಹೆಸರು ಬಂತು. ಅವರು ಸೇರಿಸಿದ ಒಂದು ಜಾಣತನ ಏನೆಂದರೆ, ಮಾತಾಡುವ ಮೊದಲು ಕಿವಿಗೊಟ್ಟು ಕೇಳು, ಬೇರೆಯವರು ಮಾತಾಡುತ್ತಿದ್ದರೆ ನಿಲ್ಲು. ನಮ್ಮ ಗ್ರಾಮಸಭೆಗೆ ಇನ್ನೂ ತಲುಪದ ಜಾಣತನ!

ಆಮೇಲೆ ಬಂದ ಹಬ್ ಎಂಬ ಡಬ್ಬಿ ಇದೇ ಪದ್ಧತಿಯದ್ದು. ಎಂಟು ತೂತು, ಎಂಟು ಕಂಪ್ಯೂಟರ್. ಒಂದು ತೂತಿನಿಂದ ಬಂದದ್ದನ್ನು ಉಳಿದ ಏಳಕ್ಕೂ ಕೂಗಿ ಹೇಳುತ್ತದೆ. ಬಂದರಿನಲ್ಲಿ ಮೀನು ಹರಾಜು ಹಾಕಿದ ಹಾಗೆ, ಬೇಕಾದವನು ಹಿಡಿದುಕೊಳ್ಳುತ್ತಾನೆ, ಬೇಡದವನ ಕಿವಿಗೂ ಬೀಳುತ್ತದೆ. ನಾಲ್ಕು ಜನ ಇದ್ದರೆ ಸರಿ, ನಲವತ್ತು ಆದರೆ ಗದ್ದಲವೇ ಹೆಚ್ಚು, ವ್ಯಾಪಾರ ಕಡಿಮೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹಳೇ ಆಫೀಸುಗಳ ಮೂಲೆಯಲ್ಲಿ ಈ ಹಬ್‌ಗಳು ಇನ್ನೂ ಇದ್ದವು. ಎಲ್ಲರೂ ಒಟ್ಟಿಗೆ ಕೆಲಸ ಶುರು ಮಾಡುವ ಹತ್ತು ಗಂಟೆಗೆ ಡಿಕ್ಕಿ ತೋರಿಸುವ ದೀಪ ಹೊಡೆದುಕೊಳ್ಳುವುದು ನೋಡಬೇಕಿತ್ತು.

ಈ ಗದ್ದಲ ನಿಲ್ಲಿಸಿದ ಡಬ್ಬಿಯ ಹೆಸರು ಸ್ವಿಚ್. 1990ರಲ್ಲಿ ಈಥರ್‌ನೆಟ್ ಸ್ವಿಚ್ಚನ್ನು ಮೊದಲು ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ಏನು ಗೊತ್ತಾ? ಕಲ್ಪನಾ. ನಮ್ಮ ಮಿನುಗುತಾರೆಗೂ ಅದಕ್ಕೂ ಸಂಬಂಧ ಇಲ್ಲ ಮಾರಾಯ್ರೆ. ಸ್ಥಾಪಕರಲ್ಲಿ ಒಬ್ಬರಾದ ವಿನೋದ್ ಭಾರದ್ವಾಜ್ ಅವರ ಹೆಂಡತಿಯ ಹೆಸರು. 1994ರಲ್ಲಿ ಸಿಸ್ಕೋ ಕಂಪನಿ ಅದನ್ನು ಕೊಂಡುಕೊಂಡಿತು, ಹೆಸರು ಅಳಿಸಿಹೋಯಿತು. ಸ್ವಿಚ್ ಮಾಡುವ ಕೆಲಸ ಹಳೇ ಪೋಸ್ಟ್‌ಮ್ಯಾನನದ್ದು. ಯಾವ ತೂತಿನ ಹಿಂದೆ ಯಾವ ಯಂತ್ರ ಇದೆ ಅಂತ ನೋಡಿ ನೋಡಿ ನೆನಪಿಟ್ಟುಕೊಳ್ಳುತ್ತದೆ. ಪ್ರತಿ ಯಂತ್ರಕ್ಕೂ ಹುಟ್ಟುವಾಗಲೇ ಅಂಟಿಸಿದ 48 ಬಿಟ್ಟಿನ ಒಂದು ನಂಬರ್ ಇರುತ್ತದೆ, ಅದೇ ಗುರುತು. ಗೊತ್ತಿಲ್ಲದ ನಂಬರಿಗೆ ಬಂದರೆ ಮಾತ್ರ ಒಮ್ಮೆ ಎಲ್ಲರನ್ನೂ ಕೇಳುತ್ತದೆ. ಹೊಸ ಪೋಸ್ಟ್‌ಮ್ಯಾನ್ ಬಂದ ಮೊದಲ ವಾರ ಹಾಗೇ ಅಲ್ಲವಾ?

ಆದರೆ ಪೋಸ್ಟ್‌ಮ್ಯಾನನಿಗೆ ತನ್ನ ಕೇರಿ ಮಾತ್ರ ಗೊತ್ತು. ತೆಂಗಿನಗುಂಡಿಯಲ್ಲಿ ದುಬೈ ವಿಳಾಸದ ಕಾಗದ ಹಾಕಿದರೆ ಆತ ಏನು ಮಾಡಬೇಕು? ಮೇಲಿನ ವಿಂಗಡಣೆ ಕಚೇರಿಗೆ ಕಳಿಸಬೇಕು. ಆ ಕಚೇರಿಯವರಿಗೂ ದುಬೈನ ಮನೆ ಗೊತ್ತಿಲ್ಲ, ಈ ಚೀಲ ಯಾವ ಗಾಡಿಗೆ ಹಾಕಬೇಕು ಅನ್ನುವಷ್ಟೇ ಗೊತ್ತು. ಅದೇ ರೂಟರ್. ಇದರ ಅಜ್ಜ 1969ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಗೆ ಬಂದಿಳಿದ ಫ್ರಿಜ್ಜಿನ ಗಾತ್ರದ ಯಂತ್ರ. ಆ ವರ್ಷ ಅಕ್ಟೋಬರ್ 29ರಂದು ಅಲ್ಲಿಂದ ಸ್ಟ್ಯಾನ್‌ಫರ್ಡಿಗೆ 'ಲಾಗಿನ್' ಅಂತ ಕಳಿಸಲು ಹೊರಟರು. 'ಎಲ್' ಹೋಯಿತು, 'ಓ' ಹೋಯಿತು, ಅಷ್ಟರಲ್ಲಿ ಆ ಕಡೆಯ ಕಂಪ್ಯೂಟರ್ ಕುಸಿಯಿತು. ಇಂಟರ್ನೆಟ್ಟಿನ ಪೂರ್ವಜನ ಮೊದಲ ದಿನವೇ ಸರ್ವರ್ ಡೌನ್! ಆದರೆ ಅಲ್ಲಿದ್ದವರು ಯಾವ ಯಂತ್ರ ಬಿತ್ತು ಅಂತ ಹುಡುಕಿ, ಸುಮಾರು ಒಂದು ತಾಸಿನಲ್ಲಿ ಸರಿ ಮಾಡಿದರು. ನಮ್ಮಲ್ಲಿ ಕಾಣದಿರುವುದು ಈ ಎರಡನೇ ಭಾಗ.

ಮನೆಯ ರೂಟರ್ ಇನ್ನೂ ಒಂದು ಕೆಲಸ ಮಾಡುತ್ತದೆ. ಹಿಂದೆ ಗಲ್ಫಿನಿಂದ ಬರುವ ಕಾಗದಗಳಲ್ಲಿ ಎಷ್ಟೋ 'ಕೇರ್ ಆಫ್' ಅಂತ ಯಾವುದಾದರೂ ಅಂಗಡಿಯ ಹೆಸರಿಗೆ ಬರುತ್ತಿದ್ದವು. ಹೊರಗಿನವರಿಗೆ ಅಂಗಡಿಯ ವಿಳಾಸ ಒಂದೇ, ಒಳಗೆ ಯಾರ ಮನೆಗೆ ಅಂತ ಅಂಗಡಿಯವರಿಗೆ ಗೊತ್ತು. ಮನೆಯ ನಾಲ್ಕು ಮೊಬೈಲು, ಒಂದು ಟಿವಿಗೆ ಹೊರಗಡೆ ಒಂದೇ ವಿಳಾಸ ಇರುವುದು ಹೀಗೆ. ಇಂಟರ್ನೆಟ್ಟಿನ ವಿಳಾಸಗಳು ಮುಗಿದುಹೋಗುತ್ತವೆ ಎಂಬ ಹೆದರಿಕೆಯಿಂದ 1990ರ ದಶಕದಲ್ಲಿ ಹುಟ್ಟಿದ ತಾತ್ಕಾಲಿಕ ಉಪಾಯ ಇದು, ಇವತ್ತಿಗೂ ಅದರಲ್ಲೇ ಸಂಸಾರ ನಡೆದಿದೆ.

ಇನ್ನು ಮೋಡೆಮ್. ಇದನ್ನು ಹೇಳಬೇಕಾದರೆ ಟೆಲಿಫೋನಿನ ಕತೆ ಹೇಳಬೇಕು. ನಾನು ಸಣ್ಣವನಿದ್ದಾಗ ಮುಂಬಯಿಗೆ ಫೋನು ಅಂದರೆ ಭಟ್ಕಳಕ್ಕೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುವುದು. ನಡುವೆ ಒಬ್ಬ ಮನುಷ್ಯ ಇದ್ದ. ಲೈನ್ ಸಿಗದಿದ್ದರೆ, ಹುಬ್ಬಳ್ಳಿ ಲೈನ್ ಬ್ಯುಸಿ, ಮುಂಬಯಿಯಲ್ಲಿ ಎತ್ತುತ್ತಿಲ್ಲ ಅಂತ ಎಲ್ಲಿ ನಿಂತಿದೆ ಎಂಬುದನ್ನು ಹೇಳುತ್ತಿದ್ದ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನಿನ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಮಾಡಿತು. ಎ.ಸಿ. ಕೋಣೆ ಬೇಡ, ನಮ್ಮ ಸೆಖೆ ಧೂಳು ತಡೆಯುತ್ತದೆ. ಅದನ್ನು ಮೊದಲು ಕೂರಿಸಿದ್ದು 1986ರಲ್ಲಿ ನಮ್ಮದೇ ಕಿತ್ತೂರಿನಲ್ಲಿ. ಆಮೇಲೆ ಅಂಥವು ದೇಶದ ತುಂಬ ಹಬ್ಬಿ, ಎಸ್‌ಟಿಡಿ ಬೂತು ಬಂತು, ನಡುವಿನ ಮನುಷ್ಯ ಹೋದ. ಕಾಯುವುದು ತಪ್ಪಿತು, ನಿಜ. ಎಲ್ಲಿ ನಿಂತಿದೆ ಅಂತ ಹೇಳುವವನೂ ತಪ್ಪಿದ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದಾಗ ಅದು ಬಂದದ್ದು ಮಾತಿಗೆಂದು ಹಾಕಿದ ಈ ತಂತಿಯಲ್ಲೇ. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಸದ್ದಾಗಿಸಿ ತಂತಿಗೆ ಬಿಡುವುದು, ಆ ಕಡೆಯ ಸದ್ದನ್ನು ಮತ್ತೆ ಸೊನ್ನೆ-ಒಂದಾಗಿಸುವುದು ಮೋಡೆಮ್ಮಿನ ಕೆಲಸ. ಒಟ್ಟಿನಲ್ಲಿ ದುಭಾಷಿ. ಕೀಂ ಅಂತ ಕೂಗಿ ಕೊರ್ ಅಂತ ಗೊರಕೆ ಹೊಡೆಯುತ್ತಿದ್ದದ್ದು ಅದರ ಮಾತುಕತೆಯೇ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ ಸದ್ದು ನಿಂತಿತು, ವೇಗ 256 ಕಿಲೋಬಿಟ್. ಆದರೆ ತಾಮ್ರದ ತಂತಿ ಅದೇ. ಮೇ ತಿಂಗಳ ಕೊನೆಗೆ ಸಮುದ್ರದ ಕಡೆಯಿಂದ ಗುಡುಗು ಕೇಳಿದ್ದೇ ತಡ, ಮನೆಮಂದಿಯೆಲ್ಲ ಮೋಡೆಮ್ಮಿನ ವಾಯರ್ ಕೀಳಲು ಓಡುತ್ತಿದ್ದೆವು. ಕೀಳಲು ಮರೆತವರ ಮೋಡೆಮ್ ಮರುದಿನ ಸುಟ್ಟ ವಾಸನೆ ಹೊಡೆಯುತ್ತಿತ್ತು. ಸಿಡಿಲಿನಿಂದ ಉಳಿದದ್ದನ್ನು ಉಪ್ಪು ಗಾಳಿ ತಿನ್ನುತ್ತದೆ. ಬಂದರಿನ ಹತ್ತಿರದ ಮನೆಗಳಲ್ಲಿ ಪಿನ್ನಿನ ಮೇಲೆ ಹಸಿರು ಕಿಲುಬು ಕೂತು 'ನೆಟ್ ಇಲ್ಲ' ಆದದ್ದನ್ನು ಹಳೇ ಟೂತ್‌ಬ್ರಶ್ಶಿನಿಂದ ಉಜ್ಜಿಯೇ ನಾನು ಸರಿ ಮಾಡಿದ್ದುಂಟು.

ಇಷ್ಟೂ ನಡುವಿನ ಡಬ್ಬಿಗಳು. ಹಾಗಾದರೆ ಸರ್ವರ್ ಎಲ್ಲಿ? ಇಲ್ಲಿಯೇ ನಮ್ಮ ರಾಜ್ಯದ ಕತೆ ಸ್ವಾರಸ್ಯದ್ದು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಲ್ಲಿ ಗ್ರಾಮಲೆಕ್ಕಿಗರ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಹೋದವು. ರಾಜ್ಯದ 177 ತಾಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪಹಣಿ. ಆಗ ಸರ್ವರ್ ಇದ್ದದ್ದು ತಾಲೂಕು ಕಚೇರಿಯ ಒಳಗೇ. ಅದಕ್ಕೂ ಕೌಂಟರಿಗೂ ನಡುವೆ ಒಂದು ಸ್ವಿಚ್, ನಾಲ್ಕು ಮಾರು ಕೇಬಲ್. 'ಸರ್ವರ್ ಇಲ್ಲ' ಅಂದರೆ ಆಗ ಪಕ್ಕದ ಕೋಣೆಯ ಯಂತ್ರ ಇಲ್ಲ ಅಂತಲೇ ಅರ್ಥ. ಆಮೇಲೆ ದಾಖಲೆಗಳು ಬೆಂಗಳೂರಿನ ಡೇಟಾ ಸೆಂಟರಿಗೆ ಹೋದವು. ಒಳ್ಳೆಯದೇ ಆಯಿತು, ಈಗ ಎಲ್ಲಿ ಕೂತರೂ ಪಹಣಿ ತೆಗೆಯಬಹುದು. ಆದರೆ ನಾಲ್ಕು ಮಾರಿನ ದಾರಿ ನಾನೂರು ಚಿಲ್ಲರೆ ಕಿಲೋಮೀಟರ್ ಆಯಿತು, ನಡುವಿನ ಡಬ್ಬಿಗಳು ಹತ್ತಾರು ಆದವು, ಮಾತು ಮಾತ್ರ ಹಳೆಯದೇ ಉಳಿಯಿತು. ಹೆದ್ದಾರಿ ಅಗಲ ಮಾಡುವ ಜೆಸಿಬಿ ಕೇಬಲ್ ಕಿತ್ತರೂ 'ಸರ್ವರ್ ಇಲ್ಲ', ಕೌಂಟರಿನ ಕೆಳಗಿನ ಸ್ವಿಚ್ಚಿನ ಅಡಾಪ್ಟರ್ ಸಡಿಲಾದರೂ 'ಸರ್ವರ್ ಇಲ್ಲ'.

ದಾರಿ ಉದ್ದವಾದಷ್ಟೂ ಅದನ್ನು ಕಡಿಯುವವರೂ ಹೆಚ್ಚು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ತಿರ ಸಮುದ್ರದಡಿಯ ಎರಡು ಕೇಬಲ್ ತುಂಡಾಗಿ ಭಾರತದ ಇಂಟರ್ನೆಟ್ ಅರ್ಧಕ್ಕರ್ಧ ಸೊರಗಿತು. ಎರಡೇ ದಿನಕ್ಕೆ ದುಬೈ ಮತ್ತು ಓಮನ್ ನಡುವೆ ಮತ್ತೊಂದು ಹೋಯಿತು. ರಿಪೇರಿಗೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ಯಾವುದೋ ಹಡಗು ಬಿಟ್ಟುಹೋದ ಐದು ಟನ್ನಿಗೂ ಮಿಕ್ಕಿದ ಲಂಗರು. ಭಟ್ಕಳದ ಎಷ್ಟೋ ಮನೆಗಳ ಗಂಡಸರು ಇರುವುದೇ ಆ ಕಡೆ. ಲಂಗರು ಎಳೆದು ಬಲೆ ಹರಿಯುವುದನ್ನು ಕಂಡ ನಮ್ಮ ಊರಿನವರಿಗೆ ಇದನ್ನು ವಿವರಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

2011ರಲ್ಲಿ ಮಂಜೂರಾಗಿ, ಆಮೇಲೆ ಭಾರತ್‌ನೆಟ್ ಅಂತ ಹೆಸರಾದ ಯೋಜನೆಯಿಂದ ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ಕೇಬಲ್ ಬರತೊಡಗಿತು. ಅದರ ತುದಿಗೆ ಕೂತ ಬಿಳಿ ಡಬ್ಬಿಯನ್ನು ಓಎನ್‌ಟಿ ಅನ್ನುತ್ತಾರೆ. ಮೋಡೆಮ್ ಸದ್ದಿನ ದುಭಾಷಿಯಾದರೆ ಇದು ಬೆಳಕಿನ ದುಭಾಷಿ. ಮನೆಗೆ ಹಾಕಿಸಿಕೊಂಡ ಫೈಬರಿನಲ್ಲೂ ಇದೇ, ಅದರ ಹೊಟ್ಟೆಯೊಳಗೇ ರೂಟರ್, ಸ್ವಿಚ್, ವೈಫೈ ಎಲ್ಲ ಸೇರಿಕೊಂಡಿವೆ. ನಾವು ಒಟ್ಟಾರೆ 'ರೂಟರ್' ಅಂದುಬಿಡುತ್ತೇವೆ. ಅದರ ಮೇಲೆ 'ಎಲ್‌ಒಎಸ್' ಅಂತ ಒಂದು ದೀಪ ಇದೆ. ಕೆಂಪಾಗಿ ಮಿಣುಕುತ್ತಿದ್ದರೆ ಬೆಳಕು ಬಂದು ಮುಟ್ಟುತ್ತಿಲ್ಲ, ಅಂದರೆ ಹೊರಗೆ ಕೇಬಲ್ಲಿನಲ್ಲೇ ತೊಂದರೆ. ಅದು ಆರಿದ್ದು 'ಪಿಒಎನ್' ಹಸಿರಾಗಿ ನಿಂತಿದ್ದರೆ ಇಲ್ಲಿಂದ ಎಕ್ಸ್‌ಚೇಂಜ್ ತನಕ ದಾರಿ ಸರಿ ಇದೆ, ತೊಂದರೆ ಆಚೆಗೆ, ಇಲ್ಲವೇ ನಮ್ಮದೇ ಮೇಜಿನ ಕೆಳಗೆ.

ಹೋದ ಮಳೆಗಾಲದಲ್ಲಿ ಒಂದು ಕಚೇರಿಯ ಸಾಲಿನಲ್ಲಿ ನಿಂತಿದ್ದೆ. ಅದೇ ಮಾತು ಬಂತು. ಕೌಂಟರಿನ ಹುಡುಗನಿಗೆ, ತಮ್ಮಾ, ಆ ಡಬ್ಬಿಯಲ್ಲಿ ಕೆಂಪು ದೀಪ ಉಂಟಾ ನೋಡು ಅಂದೆ. ಉಂಟು ಅಂದ. ಹಾಗಾದರೆ ಸರ್ವರ್ ಚೆನ್ನಾಗೇ ಇದೆ, ಹೊರಗೆ ಕೇಬಲ್ ಕಡಿದಿದೆ ಅಂದೆ. ನನ್ನ ಹಿಂದೆ ಮೀನಿನ ಬುಟ್ಟಿ ಇಳಿಸಿಕೊಂಡು ನಿಂತಿದ್ದ ಅಮ್ಮ ಒಬ್ಬರು ಮುಂದೆ ಬಂದು ಕೌಂಟರಿಗೆ ಕೈ ಊರಿದರು.

"ಹಂಗಾರೆ ವಾಯರ್ ಎಲ್ಲಿ ಕಡ್ದದ್ದು? ಯಾರಿಗೆ ಫೋನ್ ಮಾಡೂಕೆ?"

ಹುಡುಗ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ನಂಬರ್ ಹುಡುಕಿ ಫೋನ್ ಹಚ್ಚಿದ.