ಮೆಮೊರಿ ಕಾರ್ಡಿನ ಪೂರ್ವಜರು



ಟ್ಯಾಬ್ಲೆಟ್ ತುಂಬಿಹೋಯಿತು, ವಿಡಿಯೊಗಳನ್ನೆಲ್ಲ ಮೆಮೊರಿ ಕಾರ್ಡಿಗೆ ಸಾಗಿಸಬೇಕು ಎಂಬ ಮಾತನ್ನು ಈಚೆಗೆ ನನ್ನ ಓರಗೆಯ ನಿವೃತ್ತರ ಬಾಯಲ್ಲೂ ಕೇಳುತ್ತಿದ್ದೇನೆ. ಮದುವೆ, ಗೃಹಪ್ರವೇಶ, ಮೊಮ್ಮಗುವಿನ ಅಂಬೆಗಾಲು, ಹಳೆಯ ವಿದ್ಯಾರ್ಥಿಗಳ ಸಮಾವೇಶ (ಅದರಲ್ಲಿ ನನ್ನ ಭಾಷಣವೇ ನಲವತ್ತು ನಿಮಿಷ!) ಎಲ್ಲವೂ ಸೇರಿ ಇದ್ದ ಜಾಗವನ್ನು ನುಂಗಿಬಿಡುತ್ತವೆ. ಇದನ್ನು ಯಂತ್ರಯುಗದ ಹೊಸ ತಾಪತ್ರಯವೆಂದು ಭಾವಿಸುವವರಿದ್ದಾರೆ. ಮೂರು ದಶಕಗಳ ಕಾಲ ಇತಿಹಾಸವನ್ನು ಬೋಧಿಸಿದವನಿಗೆ ಹಾಗೆನ್ನಿಸುವುದಿಲ್ಲ. ಬರೆಯುವ ವಸ್ತು ದುರ್ಲಭವಾದಾಗಲೆಲ್ಲ ಹಳೆಯದನ್ನು ಅಳಿಸಿ ಹೊಸದಕ್ಕೆ ಎಡೆ ಮಾಡುವ ಅಭ್ಯಾಸ ಮನುಷ್ಯನಿಗೆ ಇದ್ದೇ ಇದೆ.

ಆರ್ಕಿಮಿಡೀಸನ ಕೃತಿಗಳ ಕಥೆಯನ್ನೇ ನೋಡಿ. ಹತ್ತನೆಯ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ಅವುಗಳ ಪ್ರತಿಯೊಂದನ್ನು ಬರೆಯಲಾಗಿತ್ತು. 1229ರಲ್ಲಿ ಯಾರಿಗೋ ಪ್ರಾರ್ಥನಾ ಪುಸ್ತಕ ಬೇಕಾಯಿತು. ಚರ್ಮದ ಹಾಳೆ ದುಬಾರಿ. ಹಾಗಾಗಿ ಹಳೆಯ ಬರಹವನ್ನು ಕೆರೆದು, ಹಾಳೆಗಳನ್ನು ಮಡಚಿ, ಅದರ ಮೇಲೆಯೇ ಪ್ರಾರ್ಥನೆಗಳನ್ನು ಬರೆದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಆ ಪುಸ್ತಕವನ್ನು ಪರಿಶೀಲಿಸಿ, ಪ್ರಾರ್ಥನೆಗಳ ಅಡಿಯಲ್ಲಿ ಮಸುಕಾಗಿ ಕಾಣುತ್ತಿದ್ದ ಅಕ್ಷರಗಳು ಆರ್ಕಿಮಿಡೀಸನವು ಎಂದು ಗುರುತಿಸಿದರು. ಆತನ ಒಂದು ಮುಖ್ಯ ಗ್ರಂಥ, 'ವಿಧಾನ' ಎಂಬುದು, ಆ ಕೆರೆದ ಹಾಳೆಗಳ ಹೊರತು ಜಗತ್ತಿನಲ್ಲಿ ಬೇರೆಲ್ಲೂ ಉಳಿದಿಲ್ಲ. ಕೆರೆದವನನ್ನು ಬೈಯಲು ನನಗೆ ಮನಸ್ಸಾಗದು. ಅವನಿಗೂ ಜಾಗ ಬೇಕಿತ್ತು.

ನಮ್ಮ ಕಾಲದ ಉದಾಹರಣೆ ಇದಕ್ಕಿಂತ ಸೋಜಿಗದ್ದು. 1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ ದೃಶ್ಯವನ್ನು ಕೋಟ್ಯಂತರ ಜನ ಟಿ.ವಿ.ಯಲ್ಲಿ ನೋಡಿದರಷ್ಟೆ. ಚಂದ್ರನಿಂದ ಬಂದ ಮೂಲ ಸಂಕೇತವು ಸಾಮಾನ್ಯ ಟಿ.ವಿ.ಯ ಪದ್ಧತಿಯದಾಗಿರಲಿಲ್ಲ. ಕ್ಯಾಲಿಫೋರ್ನಿಯ ಮತ್ತು ಆಸ್ಟ್ರೇಲಿಯದ ಕೇಂದ್ರಗಳಲ್ಲಿ ಅದನ್ನು ಪರಿವರ್ತಿಸಿ ಪ್ರಸಾರ ಮಾಡಿದರು. ಪರಿವರ್ತನೆಯಲ್ಲಿ ಸ್ಪಷ್ಟತೆ ಬಹಳಷ್ಟು ಸೋರಿಹೋಯಿತು. ಹೆಚ್ಚು ಸ್ಪಷ್ಟವಾಗಿದ್ದ ಮೂಲವು ದೊಡ್ಡ ದೊಡ್ಡ ಟೇಪುಗಳಲ್ಲಿ ದಾಖಲಾಗಿತ್ತು. ಮುಂದೆ ಸಂಶೋಧಕರು ಅವನ್ನು ಅರಸಿ ಹೊರಟಾಗ ಟೇಪುಗಳು ಸಿಗಲಿಲ್ಲ. ಟೇಪಿನ ಅಭಾವ ತಲೆದೋರಿದ್ದಾಗ, ಬಹುಶಃ 1980ರ ದಶಕದ ಆರಂಭದಲ್ಲಿ, ಅವನ್ನು ಅಳಿಸಿ ಮರುಬಳಕೆ ಮಾಡಿರಬೇಕು ಎಂಬ ತೀರ್ಮಾನಕ್ಕೆ ನಾಸಾ 2009ರಲ್ಲಿ ಬಂದಿತು. ಮನುಷ್ಯ ಚಂದ್ರನನ್ನು ಮುಟ್ಟಿದ ಮೂಲಚಿತ್ರ, ಜಾಗದ ಅಭಾವಕ್ಕೆ ಬಲಿ! ಇಂದು ನಾವು ನೋಡುವ ಸಂಸ್ಕರಿಸಿದ ದೃಶ್ಯಗಳು ಅಲ್ಲಲ್ಲಿ ಉಳಿದಿದ್ದ ಪ್ರಸಾರದ ಪ್ರತಿಗಳಿಂದ ಸಿದ್ಧವಾದವು.

ಬ್ರಿಟನ್ನಿನ ಬಿಬಿಸಿಯದೂ ಇದೇ ಹಾಡು. 1960 ಮತ್ತು 70ರ ದಶಕಗಳಲ್ಲಿ ಅಲ್ಲಿ ಅಳಿಸಿದ ಕಾರ್ಯಕ್ರಮಗಳಿಗೆ ಲೆಕ್ಕವಿಲ್ಲ. 'ಡಾಕ್ಟರ್ ಹೂ' ಎಂಬ ಜನಪ್ರಿಯ ಧಾರಾವಾಹಿಯೊಂದರಲ್ಲೇ ತೊಂಬತ್ತಕ್ಕೂ ಹೆಚ್ಚು ಕಂತುಗಳು ಇಲ್ಲವಾಗಿವೆ. ಕಳೆದುಹೋಗಿದ್ದ ಒಂಬತ್ತು ಕಂತುಗಳು ನೈಜೀರಿಯದಲ್ಲಿ ದೊರೆತ ಸುದ್ದಿ 2013ರಲ್ಲಿ ಬಂದಿತು. ಹಿಂದೊಮ್ಮೆ ಪ್ರಸಾರಕ್ಕೆಂದು ಹೊರದೇಶಗಳಿಗೆ ಕಳುಹಿಸಿದ್ದ ಪ್ರತಿಗಳವು.

ಇನ್ನು ಮೆಮೊರಿ ಕಾರ್ಡಿನ ವಿಷಯ. ಇದರ ಒಳಗಿರುವ 'ಫ್ಲಾಶ್' ತಂತ್ರವನ್ನು ರೂಪಿಸಿದವರು ಜಪಾನಿನ ತೋಶಿಬಾ ಕಂಪನಿಯ ಫುಜಿಯೊ ಮಸುವೊಕಾ. 1984ರಲ್ಲಿ ಅದರ ಮೊದಲ ರೂಪವನ್ನೂ, ಇಂದಿನ ಕಾರ್ಡುಗಳಿಗೆ ಆಧಾರವಾದ 'ನ್ಯಾಂಡ್' ರೂಪವನ್ನು 1987ರಲ್ಲೂ ಅವರು ವಿದ್ವತ್ಸಭೆಗಳ ಮುಂದಿಟ್ಟರು. ಫ್ಲಾಶ್ ಎಂಬ ಹೆಸರು ಹೇಗೆ ಬಂತು ಬಲ್ಲಿರಾ? ಅದರಲ್ಲಿನ ಮಾಹಿತಿಯನ್ನು ಅಳಿಸುವ ಕ್ರಿಯೆ ಕ್ಯಾಮೆರಾದ ಫ್ಲಾಶ್ ಮಿಂಚಿದಂತೆ ಒಮ್ಮೆಗೇ ಆಗಿಬಿಡುತ್ತದೆಂದು ಸಹೋದ್ಯೋಗಿಯೊಬ್ಬರು ಸೂಚಿಸಿದ ಹೆಸರು ಅದು. ನೆನಪಿನ ಸಾಧನವೊಂದು ತನ್ನ ಹೆಸರನ್ನು ಮರೆವಿನಿಂದ ಪಡೆದಿದೆ!

1999ರಲ್ಲಿ ತೋಶಿಬಾ, ಮತ್ಸುಶಿತಾ ಮತ್ತು ಸ್ಯಾನ್‌ಡಿಸ್ಕ್ ಕಂಪನಿಗಳು ಕೂಡಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದವು. ಆರಂಭದ ಕಾರ್ಡುಗಳ ಸಾಮರ್ಥ್ಯ 32 ಅಥವಾ 64 ಎಂಬಿ. ನನ್ನ ಭಾಷಣದ ಹತ್ತು ನಿಮಿಷವೂ ಅದರಲ್ಲಿ ಹಿಡಿಸದು. 2005ರಲ್ಲಿ ಬಂದ ಮೈಕ್ರೊ ಎಸ್‌ಡಿಯ ಉದ್ದ 15 ಮಿಲಿಮೀಟರ್, ಅಗಲ 11. ನಮ್ಮ ಟ್ಯಾಬ್ಲೆಟ್ಟಿನ ಪಕ್ಕದ ಸೀಳಿನಲ್ಲಿ ಕೂರುವುದು ಇದೇ. ಇದರಲ್ಲಿ ಅಸಂಖ್ಯ ಸೂಕ್ಷ್ಮ ಕೋಶಗಳಿದ್ದು, ಪ್ರತಿಯೊಂದರಲ್ಲೂ ವಿದ್ಯುತ್ ಆವೇಶವನ್ನು ಕೂಡಿಹಾಕಲಾಗಿರುತ್ತದೆ. ಸುತ್ತಲಿನ ಅವಾಹಕ ಪದರವು ಅದನ್ನು ತಡೆದು ನಿಲ್ಲಿಸುತ್ತದೆ. ಆದರೆ ಮಣ್ಣಿನ ಮಡಕೆಯ ನೀರಿನಂತೆ ಅದು ವರ್ಷಗಳು ಕಳೆದಂತೆ ಬಲು ನಿಧಾನವಾಗಿ ಸೋರುತ್ತಿರುತ್ತದೆ; ಬಿಸಿಯಿದ್ದರೆ ಇನ್ನಷ್ಟು ಬೇಗ. ಕಾರ್ಡನ್ನು ಬೀರುವಿನಲ್ಲಿಟ್ಟು ಹದಿನೈದು ವರ್ಷ ಮರೆತುಬಿಡುವವರು ಇದನ್ನು ಗಮನಿಸಬೇಕು.

ಸಾಗಿಸುವುದೆಂದರೇನು ಎಂಬುದನ್ನೂ ಹೇಳಿಬಿಡುತ್ತೇನೆ. 'ಮೂವ್' ಎಂದು ಒತ್ತಿದರೆ ಮನೆ ಬದಲಿಸುವಾಗ ಬೀರು ಗಾಡಿಯೇರಿ ಹೋಗುವಂತೆ ವಿಡಿಯೊ ಎದ್ದು ಹೋಗುವುದಿಲ್ಲ. ಯಂತ್ರವು ಮೊದಲು ಕಾರ್ಡಿನಲ್ಲಿ ಪ್ರತಿ ಮಾಡಿ, ಅನಂತರ ಮೂಲವನ್ನು ತನ್ನ ಪಟ್ಟಿಯಿಂದ ಹೊಡೆದುಹಾಕುತ್ತದೆ. ಕೊನೆಗೆ ಉಳಿಯುವುದು ಒಂದೇ. ಆದ್ದರಿಂದ ನಾನು 'ಕಾಪಿ' ಮಾಡಿ, ಕಾರ್ಡಿನಿಂದಲೇ ಪೂರ್ತಿ ನೋಡಿ, ಇನ್ನೊಂದು ಕಡೆಯೂ ಪ್ರತಿ ಇರಿಸಿ, ಆಮೇಲಷ್ಟೇ ಮೂಲವನ್ನು ಅಳಿಸುವ ಪಕ್ಷದವನು. 2015ರ ನಂತರದ ಕೆಲವು ಆಂಡ್ರಾಯ್ಡ್ ಸಾಧನಗಳು ಕಾರ್ಡನ್ನು ತಮ್ಮ ಒಳಜಾಗವಾಗಿಯೇ ದತ್ತು ತೆಗೆದುಕೊಳ್ಳುವ ಆಯ್ಕೆ ಕೊಡುತ್ತವೆ. ಅದನ್ನು ಒಪ್ಪಿದರೆ ಮೊದಲು ಕಾರ್ಡಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಮುಂದೆ ಅದರಲ್ಲಿ ಇಟ್ಟದ್ದು ಆ ಸಾಧನಕ್ಕೆ ಮಾತ್ರ ತಿಳಿಯುವ ಗೂಢಲಿಪಿಯಲ್ಲಿರುತ್ತದೆ. ಟ್ಯಾಬ್ಲೆಟ್ ಕೆಟ್ಟರೆ ಕಾರ್ಡೂ ಮೂಕ. ವಿಡಿಯೊ ಕಾಪಿಡಲು ಆ ದಾರಿ ಬೇಡ.

ಪ್ರತಿ ಮಾಡಿಸುವ ವಿಷಯದಲ್ಲಿ ನಮ್ಮ ನಾಡಿಗೆ ಪಾಠ ಹೇಳುವ ಅಗತ್ಯವಿಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ತರಗತಿಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ! ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ನೀವದನ್ನು ಬಾಯಿಪಾಠ ಮಾಡಿದ್ದೀರಿ. ಸಾವಿರ ಪ್ರತಿಯೆಂದರೆ ಗರಿಗಳನ್ನು ಹದಮಾಡಿ, ಕಬ್ಬಿಣದ ಕಂಟದಿಂದ ಸಾವಿರ ಬಾರಿ ಇಡೀ ಕಾವ್ಯವನ್ನು ಕೊರೆಯುವುದು. ಹುಳು, ಗೆದ್ದಲು, ಬೆಂಕಿ, ತೇವ ಇವುಗಳ ಬಾಯಿಗೆ ಒಂದೊಂದಾಗಿ ಬೀಳುವ ಓಲೆಗರಿಗಳ ಕಾಲದಲ್ಲಿ ಆಕೆ ಒಂದೇ ಪ್ರತಿಯನ್ನು ಮಾಡಿಸಿ ಭದ್ರವಾದ ಪೆಟ್ಟಿಗೆಯಲ್ಲಿ ಇಡಲಿಲ್ಲ, ಊರೂರಿಗೆ ಹಂಚಿದಳು.

ನನ್ನ ಟ್ಯಾಬ್ಲೆಟ್ಟಿನಲ್ಲಿ ಒಂದು ವಿಡಿಯೊ ಇದೆ. ನಮ್ಮ ಅಕ್ಕ ತನ್ನ ಎಂಬತ್ತೊಂದನೆಯ ವಯಸ್ಸಿನಲ್ಲಿ ಜಗಲಿಯ ಮೇಲೆ ಕುಳಿತು ಹಾಡಿದ ಸೋಬಾನೆ ಪದಗಳು, ಒಟ್ಟು ಇಪ್ಪತ್ತೇಳು ನಿಮಿಷ. ನಡುವೆ ಒಂದೆಡೆ ಪದ ಮರೆತು ನಗುತ್ತಾಳೆ, "ತಡಿಯೋ, ನಮ್ಮಮ್ಮ ಹೇಳ್ತಿದ್ದದ್ದು ಹೀಗಲ್ಲ" ಎನ್ನುತ್ತಾಳೆ, ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಾಳೆ. ಆಕೆ ತೀರಿಕೊಂಡು ನಾಲ್ಕು ವರ್ಷಗಳಾದವು. ಆ ಪದಗಳಲ್ಲಿ ಕೆಲವನ್ನು ಬಲ್ಲವರು ಈಗ ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಜಾಗ ತುಂಬಿದಾಗಲೆಲ್ಲ ಟ್ಯಾಬ್ಲೆಟ್ಟು ದೊಡ್ಡ ಫೈಲುಗಳ ಪಟ್ಟಿಯನ್ನು ಮುಂದಿಡುತ್ತದೆ. ಅದರಲ್ಲಿ ಮೊಟ್ಟಮೊದಲು ನಿಲ್ಲುವುದು ಅಕ್ಕನ ಹಾಡು. ಯಂತ್ರಕ್ಕೆ ಗೊತ್ತಿರುವುದು ತೂಕ ಮಾತ್ರ.

ಅದರ ಒಂದು ಪ್ರತಿ ಈಗ ಕಾರ್ಡಿನಲ್ಲಿದೆ. ಇನ್ನೊಂದು ಮಗನ ಕಂಪ್ಯೂಟರಿನಲ್ಲಿ, ಮತ್ತೊಂದು ಶಿವಮೊಗ್ಗದಲ್ಲಿರುವ ಅಕ್ಕನ ಮಗಳ ಬಳಿ. ಕಾರ್ಡಿನ ಪುಟ್ಟ ಡಬ್ಬಿಯ ಮೇಲೆ ಪ್ರತಿ ಮಾಡಿದ ತಾರೀಖನ್ನು ಬರೆದು ಅಂಟಿಸಿದ್ದೇನೆ, ಮೂರು ವರ್ಷಕ್ಕೊಮ್ಮೆ ಹೊಸ ಕಾರ್ಡಿಗೆ ಇಳಿಸಿಕೊಳ್ಳಲೆಂದು. ಬಂಧುಗಳಲ್ಲಿ ಬೇರೆ ಯಾರಿಗಾದರೂ ಅಕ್ಕನ ಹಾಡು ಬೇಕಿದ್ದರೆ ಬರುವಾಗ ಒಂದು ಕಾರ್ಡ್ ತನ್ನಿ. 8 ಜಿಬಿಯದಾದರೂ ಸಾಕು.