ಕಪ್ಪತಗುಡ್ಡದ ಬೆಂಕಿ

ಗದಗ ಬಳಿಯ ಬಿಂಕದಕಟ್ಟಿಯಿಂದ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ತುಂಗಭದ್ರಾ ದಂಡೆಯವರೆಗೆ ಚಾಚಿಕೊಂಡಿರುವ ಕಪ್ಪತಗುಡ್ಡ ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಿಗೆ ಹರಡಿದೆ. ಸುತ್ತ ಎರಿ ಹೊಲ, ನಡುವೆ ಕಬ್ಬಿಣದ ಅಂಶ ತುಂಬಿದ ಕೆಂಗಲ್ಲಿನ ಸಾಲು. ಮಲೆನಾಡಿನ ಅರ್ಥದಲ್ಲಿ ಇದು ದಟ್ಟ ಕಾಡಲ್ಲ. ದಿಂಡಿಗ, ಮಶಿವಾಳ, ತುಗ್ಗಲಿ, ಬಂದರಿಕೆ, ಕವಳಿ ಕಂಟಿಗಳ ನಡುವೆ ಆಳೆತ್ತರ ಬೆಳೆಯುವ ಹುಲ್ಲೇ ಇಲ್ಲಿನ ಮುಖ್ಯ ಸಸ್ಯ. ಇಲ್ಲಿ ಬೆಂಕಿ ಎಂದರೆ ಬಹುಪಾಲು ಹುಲ್ಲಿನ ಬೆಂಕಿ.

ಸಂಕ್ರಾಂತಿ ದಾಟಿದ ಮೇಲೆ ಬಾದೆ ಹುಲ್ಲು ಒಣಗಿ ನಿಲ್ಲುತ್ತದೆ. ಅದರಲ್ಲಿ ಸುಗಂಧ ತೈಲದ ಅಂಶ ಇರುವುದರಿಂದ ಬಲಿತ ಹುಲ್ಲನ್ನು ದನ ಅಷ್ಟಾಗಿ ಮುಟ್ಟುವುದಿಲ್ಲ, ಆದರೆ ಬೆಂಕಿಗೆ ಅದು ಬೇಗ ಸಿಗುತ್ತದೆ. ಗಾಳಿಯ ಜೊತೆ ಇಳಿಜಾರೂ ಸೇರಿದರೆ ಜ್ವಾಲೆ ಮೇಲ್ಮುಖವಾಗಿ ಓಡುತ್ತದೆ. ಸಿಡಿಲಿಗೆ ಹೊತ್ತಿಕೊಳ್ಳುವುದು ಅಪರೂಪ, ಏಕೆಂದರೆ ಸಿಡಿಲು ಬರುವುದೇ ಮುಂಗಾರು ಪೂರ್ವದ ಮಳೆಯ ಜೊತೆಗೆ. ಹಾಗಾಗಿ ಈ ಗುಡ್ಡದ ಬೆಂಕಿಯ ಚರಿತ್ರೆ ಮನುಷ್ಯರದೇ ಚರಿತ್ರೆ. ಸುಗ್ಗಿ ಮುಗಿದು ಹೊಲದಲ್ಲಿ ಮೇವು ತೀರಿದಾಗ ಕುರಿ, ದನಗಳು ಗುಡ್ಡದ ಕಡೆ ತಿರುಗುತ್ತಿದ್ದವು. ಹಳೆಯ ಹುಲ್ಲು ಸುಟ್ಟರೆ ಎಳೆ ಚಿಗುರು ಬೇಗ ಬರುತ್ತದೆ ಎಂಬುದು ಕುರಿಗಾರರ ಲೆಕ್ಕ. ಲೆಕ್ಕ ತಪ್ಪಲ್ಲ, ಆದರೆ ಹಚ್ಚಿದವನು ಬಯಸಿದ ಕಡೆಗೇ ಬೆಂಕಿ ನಿಲ್ಲುವುದಿಲ್ಲ. ಬದುವಿನ ಕಸಕ್ಕೆ ಇಟ್ಟ ಕಿಡಿ, ಜೇನು ಬಿಡಿಸಲು ಹಾಕಿದ ಹೊಗೆ, ಎಸೆದ ಬೀಡಿ ಇವೂ ಸೇರಿಕೊಂಡವು.

ಬೆಂಕಿ ಹಾದುಹೋದ ಇಳಿಜಾರನ್ನು ಓದಲು ಬರುತ್ತದೆ. ಮರದ ಕಾಂಡದ ಮೇಲಿನ ಮಸಿ ಎಲ್ಲ ಕಡೆ ಒಂದೇ ಎತ್ತರಕ್ಕೆ ಇರುವುದಿಲ್ಲ. ಜ್ವಾಲೆ ಕೆಳಗಿನಿಂದ ಬಂದಿದ್ದರೆ ಗುಡ್ಡದ ತುದಿಯ ಕಡೆಗಿರುವ ಮಗ್ಗುಲಲ್ಲಿ ಮಸಿ ಎತ್ತರಕ್ಕೆ ಏರಿರುತ್ತದೆ. ಹುಲ್ಲು ಸರಸರನೆ ಉರಿದ ಕಡೆ ಕರಿಬೂದಿ. ಬಿದ್ದ ದಿಮ್ಮಿ ದಿನಗಟ್ಟಲೆ ಕೆಂಡವಾಗಿ ಉರಿದ ಕಡೆ ಬಿಳಿಬೂದಿ, ಅಲ್ಲಿ ಮಣ್ಣೊಳಗಿನ ಬೀಜವೂ ಬೆಂದಿರುತ್ತದೆ. ಸುಟ್ಟ ಹುಲ್ಲಿನ ಬುಡವನ್ನು ಸೀಳಿದರೆ ಒಳಪದರ ಇನ್ನೂ ಹಸಿರಾಗಿರುವುದು ಕಾಣುತ್ತದೆ, ಒಂದೆರಡು ಮಳೆಗೆ ಅದು ಚಿಗುರುತ್ತದೆ. ಬಂದರಿಕೆಯಂಥ ಗಟ್ಟಿ ಕಂಟಿ ಮತ್ತೆ ತಲೆ ಎತ್ತುತ್ತದೆ, ಎಳೆಯ ಮರದ ಸಸಿ ಮಾತ್ರ ಉಳಿಯುವುದಿಲ್ಲ. ವರ್ಷ ವರ್ಷವೂ ಸುಟ್ಟ ಗುಡ್ಡದಲ್ಲಿ ಹುಲ್ಲು ಹೆಚ್ಚಿ ಮರ ಕಡಿಮೆಯಾಗುವುದು ಇದರಿಂದಲೇ. ಬೇಸಿಗೆ ಮಳೆಗೆ ಬರಿದಾದ ಮೇಲ್ಮಣ್ಣು ಹಳ್ಳಕ್ಕೆ ಹರಿಯುವುದು ಇನ್ನೊಂದು ನಷ್ಟ. ಪ್ರಾಣಿಗಳಲ್ಲಿ ತೋಳ, ಕತ್ತೆಕಿರುಬ, ಚಿರತೆ ಓಡಿ ಪಾರಾಗುತ್ತವೆ. ನೆಲದಲ್ಲಿ ಮೊಟ್ಟೆ ಇಟ್ಟ ಹಕ್ಕಿಗೆ, ನಕ್ಷತ್ರ ಆಮೆಗೆ ಆ ಅವಕಾಶವಿಲ್ಲ. ಕಾಜಾಣ, ನೀಲಕಂಠಗಳಿಗೋ ಅದು ಹಬ್ಬ: ಹೊಗೆಯ ಅಂಚಿನಲ್ಲೇ ಹಾರಾಡಿ ಮೇಲೆದ್ದ ಮಿಡತೆಗಳನ್ನು ಹಿಡಿಯುತ್ತವೆ.

ಬೆಂಕಿ ಅಪರಾಧವಾದದ್ದು ವಸಾಹತು ಕಾಲದಲ್ಲಿ. 1878ರ ಅರಣ್ಯ ಕಾಯ್ದೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ನಿಷೇಧಿಸಿತು, 1927ರ ಕಾಯ್ದೆ ಅದನ್ನು ಮುಂದುವರಿಸಿತು. ಆಗ ಗುಡ್ಡದ ಬಳಿಯ ಡಂಬಳದ ಸೀಮೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಒಂದೇ ಗುಡ್ಡಸಾಲಿಗೆ ಎರಡು ಆಡಳಿತ. ಅರಣ್ಯ ಇಲಾಖೆಯ ಕಣ್ಣಿಗೆ ಕಂಡದ್ದು ಹಾಳಾಗುವ ಮರ, ಊರವರ ಕಣ್ಣಿಗೆ ಕಂಡದ್ದು ಸಿಗದ ಮೇವು. ರಾಜ್ಯದ ದಕ್ಷಿಣದ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ತಿಕ್ಕಾಟ ನಡೆಯಿತು. ಅಲ್ಲಿನ ಆದಿವಾಸಿಗಳಾದ ಸೋಲಿಗರು ಬೇಸಿಗೆ ಬಲಿಯುವ ಮುನ್ನ ಹಚ್ಚುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹಬ್ಬಿತು ಎಂಬುದು ಅವರ ವಾದ.

ಕಪ್ಪತಗುಡ್ಡದತ್ತ ಹೊರಗಿನವರನ್ನು ಎಳೆದದ್ದು ಹುಲ್ಲೂ ಅಲ್ಲ, ಮರವೂ ಅಲ್ಲ, ಚಿನ್ನ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಬರೆದ. ಹಳ್ಳದ ಮರಳು ತೊಳೆದು ಚಿನ್ನ ತೆಗೆಯುವ ಜಲಗಾರರು ಅದಕ್ಕೂ ಮೊದಲೇ ಇದ್ದರು. 20ನೇ ಶತಮಾನದ ಆರಂಭದ ಗಣಿಗಳು ಹೆಚ್ಚು ಕಾಲ ಬಾಳಲಿಲ್ಲ. ಆಮೇಲೆ ಪವನ ಯಂತ್ರಗಳು ಬಂದವು. ಅವಕ್ಕಾಗಿ ಕಡಿದ ರಸ್ತೆಗಳು ಬೆಂಕಿಗೆ ಅಲ್ಲಲ್ಲಿ ತಡೆಯಾದರೂ ಜನರನ್ನು ಗುಡ್ಡದ ನೆತ್ತಿಯವರೆಗೆ ಕರೆದೊಯ್ದವು.

ಗಣಿಗಾರಿಕೆ ಮತ್ತೆ ಬರುವ ಭೀತಿಯೇ ಗುಡ್ಡಕ್ಕೆ ಕಾನೂನಿನ ರಕ್ಷಣೆ ತಂದಿತು. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರ್ಕಾರ 2016ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ 2017ರ ಫೆಬ್ರುವರಿಯಲ್ಲಿ ಅಹೋರಾತ್ರಿ ಧರಣಿ ನಡೆದ ಮೇಲೆ ಅದೇ ವರ್ಷ ಆ ಸ್ಥಾನ ಮರಳಿ ಬಂತು. ಸ್ವಾಮೀಜಿ 2018ರಲ್ಲಿ ಲಿಂಗೈಕ್ಯರಾದರು. ಮರುವರ್ಷ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು.

ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಆದರೆ ಮೇಯುವುದೂ ಕೊಯ್ಯುವುದೂ ಕಡಿಮೆಯಾದಷ್ಟು ಒಣಹುಲ್ಲು ಹೆಚ್ಚಾಗುತ್ತದೆ, ಬಿದ್ದ ಕಿಡಿ ಹೆಚ್ಚು ದೂರ ಓಡುತ್ತದೆ. ಆದ್ದರಿಂದ ಚಳಿಗಾಲದ ಕೊನೆಗೆ ಹುಲ್ಲು ಕೊಯ್ದು ಅಥವಾ ಕಾವಲಿನಲ್ಲಿ ಸುಟ್ಟು ಬೆಂಕಿ ರೇಖೆ ಬಿಡಿಸುವುದು, ಬೇಸಿಗೆಗೆ ಕಾವಲುಗಾರರನ್ನು ನೇಮಿಸುವುದು ಇಲಾಖೆಯ ವಾರ್ಷಿಕ ಕೆಲಸವಾಗಿದೆ. ಈಗ ಉಪಗ್ರಹದಿಂದ ಬೆಂಕಿಯ ಸೂಚನೆ ಮೊಬೈಲಿಗೆ ಬರುತ್ತದೆ, ಗಾಳಿ ಊದುವ ಯಂತ್ರಗಳೂ ಬಂದಿವೆ. ಕಲ್ಲು ಜಾರುವ ಕಡಿದಾದ ಇಳಿಜಾರಿಗೆ ನೀರಿನ ಗಾಡಿ ಹೋಗುವುದಿಲ್ಲ. ಅಲ್ಲಿ ಹಸಿ ಸೊಪ್ಪಿನ ಟೊಂಗೆ ಮುರಿದು ಬಡಿದೇ ಬೆಂಕಿ ಆರಿಸಬೇಕು.