ಎರಡು ಸೋತ ಮ್ಯಾಲ ಎರಡು ಗೆದ್ದದ್ದು

ಆಟದ ಇತಿಹಾಸ ಬರೆಯೋರು ಕಡೀ ಲೆಕ್ಕಾನ ದಪ್ಪ ಅಕ್ಷರದಾಗ ಹಾಕ್ತಾರ. 1977-78ರೊಳಗ ನಮ್ಮ ಕ್ರಿಕೆಟ್ ತಂಡ ಆಸ್ಟ್ರೇಲಿಯಾಕ್ಕ ಹೋಗಿತ್ತು. ಆಸ್ಟ್ರೇಲಿಯಾ 3, ಭಾರತ 2. ಮುಗೀತು. ಸಾಲಿ ಹುಡುಗರ ಪ್ರಶ್ನೋತ್ತರದ ಪುಸ್ತಕಕ್ಕ ಇಷ್ಟ ಸಾಕು. ಆದರ ಲಾವಣಿ ಹಾಡೋ ನಮ್ಮಂಥವರ ಲೆಕ್ಕ ಬ್ಯಾರೆ. ಸಂಗೊಳ್ಳಿ ರಾಯಣ್ಣನ್ನ 1831ರಾಗ ನಂದಗಡದೊಳಗ ಗಲ್ಲಿಗೆ ಹಾಕಿದರು. ಇವತ್ತಿಗೂ ಜಾತ್ರ್ಯಾಗ ಜನ ಕೇಳೂದು ರಾಯಣ್ಣನ ಪದ. ಗಲ್ಲಿಗೆ ಹಾಕಿದವರ ಪದ ಯಾರೂ ಕಟ್ಟಲಿಲ್ಲ. ಆಟ ಬ್ಯಾರೆ, ಯುದ್ಧ ಬ್ಯಾರೆ, ಖರೆ. ಆದರೂ ಸೋಲಿನ ಕಥಿಯ ನಡುವ ಏನು ನಡೀತು ಅಂತ ಕೇಳೂ ಚಟ ನನಗ ಹತ್ತಿದ್ದು ಹಾಡಿನಿಂದನ.

ಮೊದಲ ಹಿಂದಿನದನ್ನ ಹೇಳಬೇಕು. ಭಾರತ ತಂಡ ಆಸ್ಟ್ರೇಲಿಯಾಕ್ಕ ಮೊದಲ ಸಲ ಹೋದದ್ದು 1947-48ರಾಗ. ಐದು ಟೆಸ್ಟಿನೊಳಗ ನಾಕು ಸೋತು, ಒಂದು ಡ್ರಾ ಆತು. ಎರಡನೇ ಸಲ 1967-68ರಾಗ ಹೋದಾಗ ನಾಕಕ್ಕ ನಾಕೂ ಸೋತರು. ಅಂದರ ಆ ನೆಲದಾಗ ಮೂವತ್ತು ವರ್ಷ ಒಂದು ಗೆಲುವೂ ಇರಲಿಲ್ಲ.

ಮೂರನೇ ಸಲ ಹೋದಾಗ ನಾಯಕ ಬಿಷನ್ ಸಿಂಗ್ ಬೇಡಿ. ಆ ವರ್ಷ ಆಸ್ಟ್ರೇಲಿಯಾದ ಕ್ರಿಕೆಟ್ ಮನೀನ ಒಡೆದಿತ್ತು. ಕೆರಿ ಪ್ಯಾಕರ್ ಅನ್ನೂ ಟಿವಿ ಮಾಲೀಕ ರೊಕ್ಕ ಕೊಟ್ಟು ದೊಡ್ಡ ದೊಡ್ಡ ಆಟಗಾರರನ್ನ ತನ್ನ ಕಡೆ ಎಳಕೊಂಡಿದ್ದ. ಚಾಪೆಲ್ ಸಹೋದರರು, ಲಿಲ್ಲಿ, ಮಾರ್ಷ್ ಎಲ್ಲಾರೂ ಆ ಕಡೆ ಹೋಗಿದ್ದರು. ಆಟ ಬಿಟ್ಟು ಹತ್ತು ವರ್ಷ ಆಗಿದ್ದ ಬಾಬ್ ಸಿಂಪ್ಸನ್‌ನನ್ನ ನಾಲ್ವತ್ತೊಂದನೇ ವಯಸ್ಸಿನ್ಯಾಗ ಮತ್ತ ಕರೆದು ನಾಯಕನ ಮಾಡಿದರು. ವೇಗದ ಬೌಲರ್ ಜೆಫ್ ಥಾಮ್ಸನ್ ಮಾತ್ರ ಇದ್ದ.

ಇದನ್ನ ಹಿಡಿದು ಕೆಲವರು ಅಂತಾರ, “ಅದು ಎರಡನೇ ದರ್ಜೆ ತಂಡ, ಗೆದ್ದರೇನು ದೊಡ್ಡದು?” ಆ ಮಾತಿಗೆ ಉತ್ತರ ಮೊದಲಿನ ಎರಡು ಟೆಸ್ಟಿನೊಳಗನ ಅದ. ಬ್ರಿಸ್ಬೇನ್‌ದಾಗ ಗೆಲ್ಲಾಕ 341 ರನ್ ಬೇಕಿತ್ತು. ಗಾವಸ್ಕರ್ 113 ಹೊಡೆದರು, ತಂಡ 324ಕ್ಕ ನಿಂತಿತು. 16 ರನ್ನಿನ ಸೋಲು. ಪರ್ತ್‌ದಾಗ ಆಸ್ಟ್ರೇಲಿಯಾಕ್ಕ 339 ಬೇಕಿತ್ತು. ರಾತ್ರಿ ಕಾವಲಿಗೆ ಅಂತ ಕಳಿಸಿದ ಟೋನಿ ಮ್ಯಾನ್ ಅನ್ನೂ ಬೌಲರ್ ಸೆಂಚುರಿ ಹೊಡೆದುಬಿಟ್ಟ. ಎರಡು ವಿಕೆಟ್ ಉಳಿದಿದ್ದಾಗ ಅವರು ಗೆದ್ದರು. ಬೇಡಿ ಆ ಪಂದ್ಯದಾಗ ಹತ್ತು ವಿಕೆಟ್ ತಗೊಂಡಿದ್ದರೂ ದಕ್ಕಲಿಲ್ಲ. ಹಂಗಾರ ಆ ತಂಡ ಯಾರಿಗೂ ಬಿಟ್ಟಿ ಗೆಲುವು ಕೊಡೂವಂಥದ್ದಾಗಿರಲಿಲ್ಲ.

ಹಿಂಗ ಅಂಚಿಗೆ ಬಂದು ಎರಡು ಸಲ ಜಾರಿದವರ ಮನಸ್ಸು ಏನಾಗಿರಬೇಕು? ಬೆಳಿ ಕೈಗೆ ಬರೂ ಹೊತ್ತಿಗೆ ಆಣೆಕಲ್ಲು ಬಿದ್ದಂಗ. ಒಂದು ವರ್ಷ ಬಿದ್ದರ ತಡಕೋಬಹುದು, ಎರಡು ವರ್ಷ ಬಿದ್ದರ ಕೂರಿಗಿ ಹಿಡಿಯೂ ಕೈಯ ಸೋಲ್ತದ.

ಮೂರನೇ ಟೆಸ್ಟ್ ಮೆಲ್ಬೋರ್ನ್‌ದಾಗ, 1977ರ ಡಿಸೆಂಬರ್ 30ಕ್ಕ ಸುರು ಆತು. ಮೊದಲ ಸುತ್ತಿನ್ಯಾಗ ನಮ್ಮವರು 256, ಅವರು 213. ಎರಡನೇ ಸುತ್ತಿನ್ಯಾಗ ಗಾವಸ್ಕರ್ 118 ಹೊಡೆದರು. ಮೂರು ಟೆಸ್ಟಿನ್ಯಾಗ ಅವರಿಗೆ ಅದು ಮೂರನೇ ಸೆಂಚುರಿ. ತಂಡ 343 ಮಾಡಿ, ಎದುರಾಳಿ ಮುಂದ 387ರ ಗುರಿ ಇಟ್ಟಿತು. ಅವರು 164ಕ್ಕ ಔಟಾದರು. 222 ರನ್ನಿನ ಗೆಲುವು, ಆಸ್ಟ್ರೇಲಿಯಾ ನೆಲದಾಗ ಭಾರತದ ಮೊದಲ ಟೆಸ್ಟ್ ಗೆಲುವು.

ಆ ಗೆಲುವು ತಂದವರು ಮೈಸೂರಿನ ಬಿ. ಎಸ್. ಚಂದ್ರಶೇಖರ್. ಸಣ್ಣವರಿದ್ದಾಗ ಪೋಲಿಯೋ ಆಗಿ ಬಲಗೈ ಬತ್ತಿತ್ತು. ಚೆಂಡು ಎತ್ತಿ ಒಗಿಯಾಕ ಎಡಗೈ, ಬೌಲಿಂಗ್ ಮಾಡಾಕ ಮಾತ್ರ ಅದ ಬತ್ತಿದ ಬಲಗೈ. ಆ ಸಣ್ಣ ಕೈ ಚಾಟಿಯಂಗ ಬೀಸಿ ಬರೂದು, ಚೆಂಡು ಸ್ಪಿನ್ನರನದ್ದಕ್ಕಿಂತ ಜೋರಾಗಿ ಬಂದು ತಿರುಗೂದು. ಮೊದಲ ಸುತ್ತಿನ್ಯಾಗ 52 ರನ್ ಕೊಟ್ಟು 6 ವಿಕೆಟ್, ಎರಡನೇದರಾಗೂ 52 ರನ್ ಕೊಟ್ಟು 6 ವಿಕೆಟ್. ತಕ್ಕಡಿ ಇಟ್ಟು ತೂಗಿದಂಗ.

ಮೂರು ದಿನ ಬಿಟ್ಟು ಸಿಡ್ನಿ. ಆಸ್ಟ್ರೇಲಿಯಾ 131ಕ್ಕ ಔಟ್; ಚಂದ್ರ 4, ಬೇಡಿ 3. ನಮ್ಮವರು 8 ವಿಕೆಟಿಗೆ 396 ಮಾಡಿ ಬಿಟ್ಟರು. ಅದರಾಗ ವಿಶ್ವನಾಥ್ 79, ಘಾವ್ರಿ 64. ಎರಡನೇ ಸುತ್ತಿನ್ಯಾಗ ಪ್ರಸನ್ನ 4 ವಿಕೆಟ್ ಕಿತ್ತರು. ಇನಿಂಗ್ಸ್ ಮತ್ತು 2 ರನ್ನಿನ ಗೆಲುವು. 2-0 ಇದ್ದದ್ದು 2-2 ಆತು.

ಗಡಿಯಾಚೆ ಇರೋ ನಮಗ ಇಲ್ಲಿ ಒಂದು ಮಾತು ಹತ್ತಿರ ಬರ್ತದ. ನಾವು ಮಹಾರಾಷ್ಟ್ರದ ಜನ, ಮನ್ಯಾಗ ಮಾತಾಡೂದು ಕನ್ನಡ. ಮೆಲ್ಬೋರ್ನ್‌ದಾಗ ಬ್ಯಾಟು ಮುಂಬೈದು, ಚೆಂಡು ಮೈಸೂರಿಂದು. ರಣಜಿ ಟ್ರೋಫಿಯೊಳಗ ಮುಂಬೈ ಹದಿನೈದು ವರ್ಷ ಸತತ ಗೆದ್ದಿತ್ತು. ಆ ಓಟ ನಿಲ್ಲಿಸಿದ್ದು 1974ರಾಗ ಕರ್ನಾಟಕನ. ತಮ್ಮೊಳಗ ಅಷ್ಟು ಗುದ್ದಾಡಿದವರು ದೂರದ ನೆಲದಾಗ ಒಬ್ಬರ ಕೆಲಸಾನ ಇನ್ನೊಬ್ಬರು ಪೂರಾ ಮಾಡಿದರು. ಗಾವಸ್ಕರನ 118 ಇರದಿದ್ದರ ಚಂದ್ರನಿಗೆ ಗುರಿ ಕಾಯಾಕ ರನ್ ಎಲ್ಲಿಂದ ಬರ್ತಿತ್ತು? ಚಂದ್ರನ ಹನ್ನೆರಡು ವಿಕೆಟ್ ಇರದಿದ್ದರ ಆ ಸೆಂಚುರಿ ಯಾರು ನೆನಸ್ತಿದ್ದರು? ನಮಗ ಇಬ್ಬರೂ ಬೇಕು. ಒಬ್ಬರನ್ನ ಆರಿಸ್ಕೋ ಅಂತ ಯಾರೂ ನಮ್ಮನ್ನ ಕೇಳಬಾರದು.

ಐದನೇ ಟೆಸ್ಟ್ ಅಡಿಲೇಡ್‌ದಾಗ. ಅವರು 505 ಹೊಡೆದರು, ನಮ್ಮವರು 269. ಕಡೀಗೆ ಗೆಲ್ಲಾಕ 493 ಬೇಕಾತು. ಯಾವ ಟೆಸ್ಟಿನ್ಯಾಗೂ ಯಾರೂ ಬೆನ್ನತ್ತಿ ಗೆದ್ದಿರದ ಮೊತ್ತ ಅದು. ಕೈ ಚೆಲ್ಲಿ ಕೂಡ್ರಬಹುದಿತ್ತು, ಕೂಡ್ರಲಿಲ್ಲ. ಅಮರನಾಥ್ 86, ವೆಂಗಸರ್ಕರ್ 78, ವಿಶ್ವನಾಥ್ 73, ಕಿರ್ಮಾನಿ 51. ಆರನೇ ದಿನ 445ಕ್ಕ ಎಲ್ಲಾರೂ ಔಟಾದರು. ಬರೇ 47 ರನ್ನಿನ ಸೋಲು.

ಹಿಂಗ 3-2 ಅನ್ನೂ ಸೋಲಿನ ಹೊಟ್ಟ್ಯಾಗ ಇಷ್ಟೆಲ್ಲಾ ಅದ. ಸಾಲಿ ಗುರುಗಳಲ್ಲಿ ನನ್ನದೊಂದು ಅರಿಕೆ. ಮಕ್ಕಳಿಗೆ ಯಾರು ಗೆದ್ದರು ಅಂತ ಕೇಳ್ರಿ, ಬ್ಯಾಡ ಅನ್ನೂದಿಲ್ಲ. ಅದರ ಬೆನ್ನಿಗೆ, ಎರಡು ಸೋತ ಮ್ಯಾಲ ಮೂರನೇದಕ್ಕ ಹೆಂಗ ಎದ್ದು ನಿಂತರು ಅಂತನೂ ಕೇಳ್ರಿ. ಪರೀಕ್ಷಾದಾಗ ನಪಾಸಾದ ಹುಡುಗನಿಗೂ, ಮಳಿ ಕೈಕೊಟ್ಟ ಒಕ್ಕಲಿಗನಿಗೂ ಉಪಯೋಗ ಬೀಳೂದು ಆ ಎರಡನೇ ಪ್ರಶ್ನೆ.